ಪ್ರಳಯದ ನಂತರ ಒಂದು ಚಾ

ಈಚೆಗೆ ಯಾರಾದರೂ "ಮಧ್ಯಾಹ್ನ ಎಂತ ಮಾಡ್ತೀರಿ ಟೀಚರ್?" ಎಂದು ಕೇಳಿದರೆ, ಸ್ವಲ್ಪ ಹೊತ್ತು ಮಲಗುತ್ತೇನೆ ಎಂದು ಸುಳ್ಳು ಹೇಳುತ್ತೇನೆ. ನಿಜ ಹೇಳಿದರೆ ಕಾಪುವಿನ ನಮ್ಮ ಓಣಿಯಲ್ಲಿ ಯಾರೂ ನಂಬಲಾರರು. ಊಟ ಮುಗಿಸಿ, ಪಾತ್ರೆಗಳನ್ನು ನೆನೆಯಲು ಬಿಟ್ಟು, ನಾನು ಹಾಳಾಗಿ ಹೋದ ಒಂದು ಲೋಕಕ್ಕೆ ಹೊರಡುತ್ತೇನೆ. ಅಲ್ಲಿ ಸೂರ್ಯ ಅರ್ಧ ಆರಿದ್ದಾನೆ. ಸಮುದ್ರ ಬತ್ತಿದೆ. ಅಳಿದುಳಿದ ಮನುಷ್ಯರು ಮೂರು ಬಣಗಳಾಗಿ ಕಡಿದಾಡುತ್ತಿದ್ದಾರೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ಹೆಂಗಸು ಕಾಲಿಡುವಂಥ ಜಾಗವೇ ಅಲ್ಲ. ಆದರೂ ದಿನಾ ಹೋಗಿ ಹೋಗಿ ಅಲ್ಲಿನ ದಾರಿಗಳು ನನಗೀಗ ಉಡುಪಿಯ ಬಸ್‌ಸ್ಟ್ಯಾಂಡಿನಷ್ಟೇ ಪರಿಚಯ, ಮತ್ತು ಅಷ್ಟೇ ಬೇಸರ.

ಇದು ಟಿವಿಗೆ ಜೋಡಿಸಿ ಆಡುವ ಒಂದು ಆಟ. ಆಡುವವಳು ನಾನಲ್ಲ, ನಮ್ಮ ಮನೆಯವರು. ಮೊನ್ನೆ ಮೊನ್ನೆಯವರೆಗೂ ಮಲ್ಪೆಯ ಬೋಟುಗಳಲ್ಲಿ ತಾಂಡೇಲರಾಗಿದ್ದವರು. ತಾಂಡೇಲ ಎಂದರೆ ಬೋಟಿನ ಯಜಮಾನನಲ್ಲ, ಬೋಟನ್ನೂ ಅದರಲ್ಲಿರುವ ಜನರನ್ನೂ ಕಡಲಿಗೆ ಕೊಂಡುಹೋಗಿ ತಿರುಗಿ ತರುವವನು. ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಬಲಗೈಯೂ ಮಾತೂ ಒಟ್ಟಿಗೆ ಹೋದವು. ಕಾಲು ಬೇಗ ಸುಧಾರಿಸಿತು. ಮಾತು ಈಗಲೂ ಒಂದೊಂದೇ ಶಬ್ದ, ಅದೂ ಮನಸ್ಸು ಬಂದಾಗ. ಅಕ್ಷರಗಳಂತೂ ಅವರ ಕಣ್ಣಿಗೆ ಬರೀ ಗೆರೆಗಳಾಗಿ ಕಾಣುತ್ತವಂತೆ.

ಮಣಿಪಾಲದಲ್ಲಿ ಅವರಿಗೆ ಕೈಯ ವ್ಯಾಯಾಮ ಕಲಿಸುವ ಹುಡುಗಿ ಹಿಸುಕಲು ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದಳು. ಇವರು ಎಡಗೈಯಿಂದ ಅದನ್ನು ಕಿಟಕಿಯಾಚೆ ಎಸೆದರು. "ಅಂಕಲ್‌ಗೆ ಬೋರ್ ಆಗ್ತಾ ಉಂಟು ಆಂಟಿ. ಎಂತಾದ್ರೂ ಆಟ ಕೊಡಿ, ಬೆರಳು ತನ್ನಷ್ಟಕ್ಕೇ ಕೆಲಸ ಮಾಡ್ತದೆ" ಎಂದಳು. ನಾನು ಅಟ್ಟದಿಂದ ಚೆನ್ನೆಮಣೆ ಇಳಿಸಿದೆ. ಕಾಯಿಗಳೆಲ್ಲ ಅವರ ಬೆರಳ ಸಂದಿಯಿಂದ ಜಾರಿ ಮಂಚದ ಅಡಿಗೆ ಉರುಳುತ್ತಿದ್ದವು. ಬಗ್ಗಿ ಬಗ್ಗಿ ಹೆಕ್ಕುವವಳು ನಾನು. ಒಂದು ವಾರದಲ್ಲಿ ವ್ಯಾಯಾಮ ಚೆನ್ನಾಗಿ ಆದದ್ದು ನನಗೆ.

ಆಗ ಒದಗಿದವಳು ಕಾರ್ಕಳದಲ್ಲಿರುವ ನನ್ನ ತಂಗಿ ಸುಮತಿ. ಅವಳು ಟೈಲರ್. ಲಾಕ್‌ಡೌನಿನಲ್ಲಿ ಹೊಲಿಯಲು ರವಿಕೆಗಳಿಲ್ಲದೆ ಕೂತಿದ್ದಾಗ ಪಕ್ಕದ ಮನೆಯವರಿಂದ ಹಳೆಯ ಆಟದ ಯಂತ್ರವೊಂದನ್ನು ಕೊಂಡಿದ್ದಳು. ಮೊದಲಿಗೆ ಹೊತ್ತು ಕಳೆಯಲೆಂದು ಹಿಡಿದವಳು ಆಮೇಲೆ ಬಿಡಲಿಲ್ಲ. ಐವತ್ತು ದಾಟಿದ ಹೆಂಗಸು ಹಗಲಿಡೀ ಫಾಲ್ಸ್ ಹೊಲಿದು ಸಂಜೆ ರಾಕ್ಷಸರ ತಲೆ ತೆಗೆಯುವುದನ್ನು ನಾನು ಎಷ್ಟು ತಮಾಷೆ ಮಾಡಿದ್ದೆನೋ! ಅದೇ ಯಂತ್ರವನ್ನು ಸೀರೆಯ ಚೀಲದಲ್ಲಿಟ್ಟುಕೊಂಡು, ಹಿರಿಯಡ್ಕದ ಮೇಲಾಗಿ ಉಡುಪಿಗೆ ಬಂದು, ಬಸ್ಸು ಬದಲಿಸಿ ನಮ್ಮ ಮನೆಗೆ ಬಂದಳು. ಆಟದ ಡಬ್ಬಿಯ ಮೂಲೆಯಲ್ಲಿ ದಪ್ಪಗೆ ಹದಿನೆಂಟು ಎಂದು ಬರೆದಿತ್ತು.

"ಇದೆಂತ?" ಎಂದೆ.

"ದೊಡ್ಡವರಿಗೆ ಮಾತ್ರ ಅಂತ ಅಕ್ಕ. ನಾವು ದೊಡ್ಡವರೇ ಅಲ್ವಾ?"

ದೊಡ್ಡವರು ಹೌದು. ಆದರೆ ಒಂದು ಮಧ್ಯಾಹ್ನ ಆಟದ ನಾಯಕ ಹಾಳುಬಿದ್ದ ಕೋಟೆಯೊಂದರಲ್ಲಿ ಮಾಟಗಾತಿಯನ್ನು ಭೇಟಿಯಾದ. ಅವರಿಬ್ಬರ ಮಾತು ಬೇಗ ಮುಗಿಯಿತು. ಮುಂದಿನದು ಶುರುವಾದಾಗ ಇಷ್ಟು ವರ್ಷ ಸಂಸಾರ ಮಾಡಿದ ನಾವಿಬ್ಬರೂ ಏಕಕಾಲಕ್ಕೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಏಕಾದಶಿ ಯಾವಾಗ ಬರುತ್ತದೆಂದು ಗಂಭೀರವಾಗಿ ನೋಡತೊಡಗಿದೆವು. ಸುಮತಿಗೆ ಫೋನ್ ಮಾಡಿ ಬೈದರೆ, "ಅದನ್ನು ದಾಟಿಸ್ಲಿಕ್ಕೆ ಒಂದು ಬಟನ್ ಉಂಟು ಅಕ್ಕ, ನಾನು ಹೇಳ್ಲಿಕ್ಕೆ ಮರೆತೆ" ಎಂದಳು. ಮರೆತಿರಲಿಲ್ಲ ಎಂದು ಅವಳ ದನಿಯೇ ಹೇಳುತ್ತಿತ್ತು.

ಆಟದ ಮಾತೆಲ್ಲ ಇಂಗ್ಲಿಷಿನಲ್ಲಿ, ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರುತ್ತದೆ. ಅದನ್ನು ಓದಿ, ಅರ್ಥ ಮಾಡಿಕೊಂಡು, ಇವರಿಗೆ ತುಳುವಿನಲ್ಲಿ ಹೇಳುವುದು ನನ್ನ ಕೆಲಸ. ಜಗತ್ತು ಮುಗಿದ ಮೇಲೆ ಮನುಷ್ಯರು ಇಷ್ಟೊಂದು ಮಾತಾಡುತ್ತಾರೆಂದು ನಾನು ಎಣಿಸಿರಲಿಲ್ಲ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬ ಭಿಕ್ಷುಕನೂ ನಾಯಕನನ್ನು ನಿಲ್ಲಿಸಿ ತನ್ನ ಅಜ್ಜನ ಕಾಲದಿಂದ ಕತೆ ತೆಗೆಯುತ್ತಾನೆ. ನಾನು ಓದುತ್ತೇನೆ. ಗಂಟಲು ಕಟ್ಟಿದರೆ ನೀರು ಕುಡಿದು ಪುನಃ ಓದುತ್ತೇನೆ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಇನ್ನು ಗಟ್ಟಿಯಾಗಿ ಓದುವ ಕೆಲಸವಿಲ್ಲ ಎಂದು ನೆಮ್ಮದಿಪಟ್ಟವಳು ನಾನೇ.

ನಮ್ಮ ಪುರಾಣಗಳ ಪ್ರಳಯ ಇದಕ್ಕಿಂತ ಅಚ್ಚುಕಟ್ಟು. ನೀರು ಬರುತ್ತದೆ, ಎಲ್ಲವನ್ನೂ ತೊಳೆಯುತ್ತದೆ, ದೇವರು ನಿದ್ದೆ ಮಾಡುತ್ತಾನೆ. ಯಾರಿಗೂ ಯಾವ ಸಮಿತಿಯನ್ನೂ ರಚಿಸಲು ಅವಕಾಶವಿಲ್ಲ. ಈ ಆಟದಲ್ಲಿ ಹಾಗಲ್ಲ. ಪ್ರಳಯವಾದ ಮರುದಿನವೇ ಗುಂಪುಗಾರಿಕೆ ಶುರು. ಬೂದಿಯವರು ಎಂದು ಒಂದು ಬಣ. ಹಣೆಗೆ ಬೂದಿ ಬಳಿದುಕೊಂಡು, ಲೋಕ ಸುಟ್ಟದ್ದೇ ಸರಿಯಾಯಿತು, ಜನ ಕೆಟ್ಟಿದ್ದರು ಎನ್ನುತ್ತಾರೆ. ಕಬ್ಬಿಣದವರು ಹಳೆಯ ಯಂತ್ರಗಳನ್ನು ಅಗೆದು ತೆಗೆದು, ಒಂದು ಬೋಲ್ಟು ಬಿಗಿದರೆ ಸೂರ್ಯನೂ ರಿಪೇರಿಯಾದಾನು ಎಂದು ನಂಬಿದವರು. ಬೇರಿನವರು ಕಾಡು ಸೇರಿ, ಇನ್ನು ಮನುಷ್ಯರ ಸರದಿ ಮುಗಿಯಿತು, ಎಲ್ಲ ಮರಗಳಿಗೆ ಬಿಟ್ಟುಕೊಡೋಣ ಎನ್ನುವವರು. ನನಗೆ ಇವರ್ಯಾರೂ ಹೊಸಬರಲ್ಲ. ಮೂರೂ ಬಣದವರು ನಮ್ಮ ಸ್ಟಾಫ್‌ರೂಮಿನಲ್ಲೇ ಇದ್ದರು. ಹಣೆಯ ಬೂದಿಯೊಂದು ಇರಲಿಲ್ಲ, ಅಷ್ಟೇ.

ಪುರಾಣ ಎಂದೆನಲ್ಲ, ಅದರಲ್ಲಿ ಪ್ರಳಯಕ್ಕೆ ನಾಲ್ಕು ಬಗೆ ಹೇಳಿದ್ದಾರೆ. ಅದರಲ್ಲೊಂದು ನಿತ್ಯ ಪ್ರಳಯ. ದಿನದಿನವೂ ಸದ್ದಿಲ್ಲದೆ ಆಗುವಂಥದ್ದು. ತರಗತಿಯಲ್ಲಿ ಇದನ್ನು ವಿವರಿಸುವಾಗ ನನಗೇ ಸರಿಯಾಗಿ ತಿಳಿದಿರಲಿಲ್ಲ. ಈಗ ಬೆಳಿಗ್ಗೆ ಅವರಿಗೆ ಹಲ್ಲುಜ್ಜಿಸಿ, ಅಂಗಿಯ ಗುಂಡಿ ಹಾಕಿ, ಮಾತ್ರೆ ನುಂಗಿಸಿ, ಮಟ್ಟುಗುಳ್ಳ ಬದನೆಯ ಹುಳಿಯಲ್ಲಿ ಅನ್ನ ಮೆತ್ತಗೆ ಕಲಸಿ, ಬಟ್ಟೆ ಒಗೆದು, ಬಸ್ಸಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬಂದು, ಮರುದಿನ ಅದನ್ನೇ ಪುನಃ ಮೊದಲಿನಿಂದ ಮಾಡುವಾಗ ಚೆನ್ನಾಗಿ ತಿಳಿಯುತ್ತದೆ.

ನಿಮ್ಮಲ್ಲಿ ಮುಚ್ಚುಮರೆ ಏಕೆ, ನನಗೆ ಸಾಕಾಗಿದೆ. ಅವರ ಮೇಲೆ ಪ್ರೀತಿ ಕಡಿಮೆಯಾಗಿ ಅಲ್ಲ, ಬರೀ ಸಾಕಾಗಿದೆ. ದಾರಿಯಲ್ಲಿ ಸಿಕ್ಕವರೆಲ್ಲ "ಅವರು ಹೇಗಿದ್ದಾರೆ?" ಎಂದು ಕೇಳುತ್ತಾರೆ. ಸುಧಾರಿಸುತ್ತಿದ್ದಾರೆ ಎನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಅದಕ್ಕೇ ಇರಬೇಕು, ಆ ಆಟದಲ್ಲಿ ನನಗೆ ಹಿಡಿಸಿದ್ದು ನಾಯಕನೊಬ್ಬನೇ. ಅವನಿಗೆ ಹೆಸರಿಲ್ಲ, ಹಿಂದಿನ ನೆನಪಿಲ್ಲ, ಒಂದು ತೋಳು ಕಬ್ಬಿಣದ್ದು. ಲೋಕ ಉಳಿಸಬೇಕಾದವನು ಅವನೇ ಎಂದು ಎಲ್ಲರೂ ಹೇಳುತ್ತಾರೆ, ಒಬ್ಬರೂ ಅವನಿಗೆ ಊಟ ಹಾಕುವುದಿಲ್ಲ. ಪರದೆಯ ಮೂಲೆಯಲ್ಲಿ ಅವನ ಪಾಲಿಗೆ ಒಂದು ಹಳದಿ ಪಟ್ಟಿ ಇದೆ. ಅದು ಅವನ ತ್ರಾಣ. ಓಡಿದರೆ, ಕತ್ತಿ ಬೀಸಿದರೆ ಪಟ್ಟಿ ಸಣ್ಣದಾಗುತ್ತದೆ. ಪೂರ್ತಿ ಖಾಲಿಯಾದರೆ ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಾನೆ, ಎಷ್ಟು ಬಟನ್ ಒತ್ತಿದರೂ ಮಿಸುಕುವುದಿಲ್ಲ. ಹಾಗೊಂದು ಪಟ್ಟಿ ನಮ್ಮೆಲ್ಲರ ತಲೆಯ ಮೇಲೂ ಇದ್ದಿದ್ದರೆ! ಬಸ್ಸಿನಲ್ಲಿ ಯಾರಿಗೆ ಸೀಟು ಬಿಡಬೇಕೆಂದು ಹೇಳಬೇಕಾಗಿರಲಿಲ್ಲ. ಈಗ ನಾನು ಸೀರೆ ನೇರ್ಪಾಗಿ ಉಟ್ಟು ಕುಂಕುಮ ಇಟ್ಟುಕೊಂಡಿದ್ದೇನೆ ಎಂಬ ಒಂದೇ ಕಾರಣಕ್ಕೆ ಜನ ನಾನು ಗಟ್ಟಿಮುಟ್ಟಾಗಿದ್ದೇನೆಂದು ತಿಳಿಯುತ್ತಾರೆ.

ಈ ನಾಯಕನನ್ನು ನೋಡುವಾಗ ನನಗೆ ಮದುವೆಯಾದ ಹೊಸತರ ಒಂದು ಮಾತು ನೆನಪಾಗುತ್ತಿತ್ತು. "ಅಷ್ಟು ಜನರನ್ನು ಕಡಲಿನಲ್ಲಿ ಹೇಗೆ ಸುಧಾರಿಸ್ತೀರಿ, ಬೈತೀರಾ?" ಎಂದು ಇವರನ್ನು ಕೇಳಿದ್ದೆ. ಇವರು ನಕ್ಕು, ಬೈದರೆ ಬಲೆ ಮೇಲೆ ಬರುವುದಿಲ್ಲ ಎಂದಿದ್ದರು. ಬಲೆ ಎಳೆಯುವಾಗ ಯಾರಾದರೊಬ್ಬ ಸೋತಿದ್ದಾನೆಂದು ಕಂಡರೆ ಅವನ ಹೆಸರು ಹಿಡಿದು ಕರೆಯಬಾರದಂತೆ. ಕರೆದರೆ ಅವನಿಗೆ ನಾಚಿಕೆಯಾಗಿ ಇನ್ನೂ ಜೋರು ಎಳೆದು ಕೈ ಮುರಿದುಕೊಳ್ಳುತ್ತಾನಂತೆ. ತಾಂಡೇಲ ಸುಮ್ಮನೆ ಇಂಜಿನ್ ನಿಧಾನ ಮಾಡಿ "ಚಾ" ಎಂದು ಕೂಗಬೇಕು. ಎಲ್ಲರೂ ಕೂರುತ್ತಾರೆ, ಸೋತವನೂ ಕೂರುತ್ತಾನೆ, ಯಾರಿಗಾಗಿ ಕೂತದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ. ಆಗ ನಾನು ಅದನ್ನು ಕೇಳಿ ತಲೆಯಾಡಿಸಿ ಮರೆತೆ.

ಆಟ ಶುರುವಾದಾಗ ನಮ್ಮ ನಾಯಕನ ಪಾಡು ನೋಡಬೇಕಿತ್ತು. ಎಡ ಹೆಬ್ಬೆರಳಿನಿಂದ ಅವನನ್ನು ನಡೆಸಬೇಕು, ಬಲ ಹೆಬ್ಬೆರಳಿನಿಂದ ಅತ್ತಿತ್ತ ನೋಡಬೇಕು. ಇವರ ಬಲ ಹೆಬ್ಬೆರಳು ಮಲಗಿತ್ತು. ಹಾಗಾಗಿ ಲೋಕೋದ್ಧಾರಕ ಆಕಾಶವನ್ನೇ ನೋಡುತ್ತ ನಡೆದು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದ, ಹೊಂಡಕ್ಕೆ ಬೀಳುತ್ತಿದ್ದ. ಇವರು ಹಲ್ಲು ಕಚ್ಚಿ ಪುನಃ ಪುನಃ ಪ್ರಯತ್ನಿಸಿದರು. ಒಂದು ದಿನ ನಾಯಕ ಸ್ವಲ್ಪವೇ ಕತ್ತು ತಿರುಗಿಸಿದ. ನಾನು ಅಡುಗೆಮನೆಗೆ ಹೋಗಿ ಅತ್ತುಬಂದೆ. ಮಣಿಪಾಲದ ಹುಡುಗಿ ಬೆರಳನ್ನು ಒತ್ತಿ ನೋಡಿ, "ಚಂದ ಆಗ್ತಾ ಉಂಟು. ಆದ್ರೆ ಈಗ ಬಿಡ್ಬೇಡಿ ಆಂಟಿ, ಬಿಟ್ರೆ ಪುನಃ ಗಟ್ಟಿಯಾಗ್ತದೆ" ಎಂದು ಎಚ್ಚರಿಸಿದಳು.

ಆ ಎಚ್ಚರಿಕೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದೇ ಹೊತ್ತಿಗೆ ಇವರು ಆಟ ನಿಲ್ಲಿಸತೊಡಗಿದರು. ನಾಯಕ ಒಂದು ದೊಡ್ಡ ಬಾಗಿಲ ಮುಂದೆ ಬಂದಿದ್ದ. ಯಾವ ಬಣ ಎಂದು ಹೇಳದೆ ಕಾವಲುಗಾರ ಒಳಗೆ ಬಿಡುವುದಿಲ್ಲ. ಇವರು ಮೂರು ಬಣಗಳ ಪೈಕಿ ಒಂದನ್ನೂ ಆರಿಸಲಿಲ್ಲ. ಆಟ ಹಚ್ಚಿ ಸ್ವಲ್ಪ ಹೊತ್ತಿಗೆಲ್ಲ ನಾಯಕನನ್ನು ಹಿಂದಕ್ಕೆ ತಿರುಗಿಸಿ, ಬತ್ತಿದ ಸಮುದ್ರದ ತಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮರಳಿನಲ್ಲಿ ಓರೆಯಾಗಿ ಸಿಕ್ಕಿಕೊಂಡ ಒಂದು ಮುರುಕು ದೋಣಿ, ಅದರ ಪಕ್ಕ ಒಂದು ಬೆಂಕಿ. ಬೆಂಕಿಯ ಬಳಿ ನಾಯಕ ಕೂರುತ್ತಾನೆ, ಅವನ ಹಳದಿ ಪಟ್ಟಿ ತುಂಬುತ್ತದೆ. ತುಂಬಿದ ಮೇಲೂ ಇವರು ಅವನನ್ನು ಎಬ್ಬಿಸುತ್ತಿರಲಿಲ್ಲ.

ಕಡಲು ನೆನಪಾಗಿ ಮನಸ್ಸು ಸೋತಿತೇ? ರೋಗ ಮರಳುತ್ತಿದೆಯೇ? ನನಗೆ ಹೆದರಿಕೆಯಾಯಿತು, ಮತ್ತು ಹೆದರಿಕೆಯಾದಾಗ ಎಲ್ಲ ಟೀಚರುಗಳಂತೆ ನಾನೂ ಗದರುತ್ತೇನೆ. "ಏಳಿ! ಬಾಗಿಲಿಗೆ ಹೋಗಿ! ಬೆರಳು ಹೋಗ್ತದೆ ನಿಮ್ಮದು!" ಎಂದು ಹಿಂದಿನ ಬೆಂಚಿನವರಿಗೆ ಕೂಗುವಂತೆ ಕೂಗಿದೆ. ಇವರು ನನ್ನನ್ನು ನೋಡಿದರು. ನಾಯಕ ಮಾತ್ರ ಏಳಲಿಲ್ಲ.

ಸುಮತಿಗೆ ಫೋನ್ ಮಾಡಿದೆ. "ಆ ದೋಣಿಯ ಹತ್ರ ಎಂತ ಸಿಗ್ತದೆ ಮಾರಾಯ್ತಿ? ಭಾವ ಅಲ್ಲಿಂದ ಏಳುವುದೇ ಇಲ್ಲ."

"ಅಲ್ಲಿ ಎಂತದೂ ಇಲ್ಲ ಅಕ್ಕ. ಶತ್ರು ಇಲ್ಲ, ಚಿನ್ನ ಇಲ್ಲ. ಮಾತಾಡುವವರೂ ಇಲ್ಲ. ಇಡೀ ಆಟದಲ್ಲಿ ಓದ್ಲಿಕ್ಕೆ ಒಂದು ಅಕ್ಷರವೂ ಬಾರದ ಜಾಗ ಅದೊಂದೇ" ಎಂದಳು.

ಫೋನ್ ಇಟ್ಟು ಬಂದೆ. ನಾಯಕ ಬೆಂಕಿಯ ಬಳಿ ಕೂತಿದ್ದ. ಪರದೆಯ ಕೆಳಭಾಗ ಖಾಲಿ. ನಾನು ಮಂಚದ ಪಕ್ಕ ನಿಂತು ಕೆಮ್ಮಿದೆ; ದನಿ ಬೆಳಿಗ್ಗೆಯಿಂದಲೇ ಒಡೆದುಹೋಗಿತ್ತು. ಇವರು ಬಾಯಿ ತೆರೆದರು, ಶಬ್ದಕ್ಕಾಗಿ ಹುಡುಕಿದರು. ಸಿಕ್ಕಿತು.

"ಚಾ."

ಚಾ ಬೇಕಾಗಿದೆ ಎಂದುಕೊಂಡು ನಾನು ಅಡುಗೆಮನೆಗೆ ತಿರುಗಿದೆ. ಇವರು ಅಲ್ಲ ಎಂದು ಜೋರಾಗಿ ತಲೆಯಾಡಿಸಿದರು. ಬಲಗೈ, ಆ ಕೆಲಸಕ್ಕೆ ಬಾರದ ಕೈ, ತೊಡೆಯಿಂದ ಮೇಲೆದ್ದು ನಡುಗುತ್ತ ಹಾಸಿಗೆಯ ಅಂಚಿಗೆ ಬಂದು ಬಡಿಯಿತು. "ಈ ಕುಲ್ಲ್" ಎಂದರು. ನೀನು ಕೂತುಕೋ ಎಂದು.

ನಾನು ಕೂತೆ. ಕೂತ ಮೇಲೆ ಅರ್ಥವಾಯಿತು. ನನ್ನ ಗಂಟಲು ಒಣಗಿದಾಗಲೆಲ್ಲ, ಓದುತ್ತ ಓದುತ್ತ ನಾನು ಕಣ್ಣು ಮುಚ್ಚಿದಾಗಲೆಲ್ಲ ಇವರು ನಾಯಕನನ್ನು ದೋಣಿಯ ಬಳಿಗೆ ಒಯ್ಯುತ್ತಿದ್ದರು. ಹೆಸರು ಹಿಡಿದು ಕರೆಯಲಿಲ್ಲ. ಇಂಜಿನ್ ನಿಧಾನ ಮಾಡಿದ್ದರು, ಅಷ್ಟೇ. ನನ್ನ ತಲೆಯ ಮೇಲಿನ ಪಟ್ಟಿಯನ್ನು ಊರಿಗೆ ಊರೇ ನೋಡಲಿಲ್ಲ ಎಂದು ನಾನು ದೂರುತ್ತಿದ್ದಾಗ, ಅಕ್ಷರ ಓದಲಾಗದ ಈ ಮನುಷ್ಯ ಅದನ್ನು ದಿನಾ ಓದುತ್ತಿದ್ದರು. ನನಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಕೂತು ನೋಡಿದಾಗ ಇನ್ನೊಂದು ವಿಷಯ ಕಂಡಿತು. ನಾಯಕ ಕೂತಿದ್ದರೂ ದೋಣಿ ಪರದೆಯಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಮೂತಿಯ ಕಡೆಯಿಂದ, ಬದಿಯಿಂದ, ಹಿಂದಿನಿಂದ. ಇವರು ಬಲ ಹೆಬ್ಬೆರಳಿನಿಂದ ಅದನ್ನು ಸುತ್ತಿ ಸುತ್ತಿ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿದ್ದ ಹೊತ್ತಿನಲ್ಲೆಲ್ಲ ಬೆರಳು ತನ್ನ ಕೆಲಸ ಮಾಡಿಕೊಂಡೇ ಇತ್ತು.

ಚಾ ಮಾಡಿದವಳು ಕೊನೆಗೂ ನಾನೇ ಅನ್ನಿ. ಆದರೆ ಸಾಕಷ್ಟು ಹೊತ್ತು ಕೂತು, ಆಮೇಲೆ ಎದ್ದು ಮಾಡಿದೆ. ಅದರ ರುಚಿಯೇ ಬೇರೆ. ಗ್ಲಾಸು ಖಾಲಿಯಾಗುವ ಮೊದಲೇ ಸುಮತಿಯ ಫೋನು ಬಂತು.

"ಎಂತಾಯ್ತು ಅಕ್ಕ? ಭಾವ ಯಾವ ಪಕ್ಷ ಸೇರಿದ್ರು? ಬೂದಿಯವರನ್ನು ಮಾತ್ರ ನಂಬಬೇಡಿ."

"ಯಾವುದೂ ಇಲ್ಲ. ಇಬ್ಬರೂ ಕೂತಿದ್ದೇವೆ."

"ಅಯ್ಯೋ, ಲೋಕವನ್ನು ಉಳಿಸುವುದು ಯಾವಾಗ ಮತ್ತೆ?"

"ಲೋಕ ಆಗಲೇ ಮುಗಿದಿದೆಯಲ್ಲ ಮಾರಾಯ್ತಿ, ಇನ್ನೆಂತ ಅವಸರ? ಚಾ ಕುಡಿದು ನೋಡುವ" ಎಂದೆ.