ಹಗ್ಗ ಹಿಡಿದವಳ ಒಂದು ಸಾಲು

ಸೂರ್ಯ ಇನ್ನೂ ಎದುರು ಕಟ್ಟಡದ ಹಿಂದೆಯೇ ಇದ್ದಾನೆ. ತಾರಸಿಯ ಮೇಲೆ ಗಾಳಿ ಮಾತ್ರ ಆಗಲೇ ಎದ್ದು ಓಡಾಡುತ್ತಿದೆ. ಆಕೆ ಮೋಟುಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಕೆಟ್ಟಿನ ಸೋಪುನೀರು ಕಲಕುತ್ತಿದ್ದಾಳೆ. ನೊರೆ ಬಂದು ಎಷ್ಟೋ ಹೊತ್ತಾಯಿತು. ಕೈ ನಿಲ್ಲುತ್ತಿಲ್ಲ.

"ಇನ್ನೂ ಕಲಕಿದ್ರೆ ಬಕೆಟ್ಟೇ ಕರಗಿಹೋಗುತ್ತೆ ಕಣಮ್ಮಾ," ಎನ್ನುತ್ತಾನೆ ಹಗ್ಗದ ಬಳಿ ನಿಂತ ಅಕ್ಕನ ಗಂಡ.

"ಕರಗಲಿ ಬಿಡಿ ಭಾವ. ನಿಮ್ಮ ಗಂಟೇನು ಹೋಗುತ್ತೆ?"

ಎತ್ತರದ ಕಟ್ಟಡಗಳ ಗಾಜನ್ನು ಹೊರಗಿನಿಂದ ಒರೆಸುವುದು ಆಕೆಯ ಕಸುಬು. ಸೊಂಟಕ್ಕೂ ಎದೆಗೂ ಪಟ್ಟಿ ಬಿಗಿದು, ಒಂದೊಂದೇ ಮಹಡಿ ಇಳಿಯುತ್ತ, ಒಂದು ಕೈಯಲ್ಲಿ ನೊರೆ ಹಚ್ಚಿ ಇನ್ನೊಂದು ಕೈಯಲ್ಲಿ ರಬ್ಬರ್ ಪಟ್ಟಿ ಎಳೆಯುತ್ತಾಳೆ. ಜೊತೆಯವರು ಇಟ್ಟ ಹೆಸರು ಹಲ್ಲಿ. "ಜಿರಲೆ ಅನ್ನಲಿಲ್ವಲ್ಲ, ಪುಣ್ಯ," ಎಂದು ಆಕೆ ಅದನ್ನು ಒಪ್ಪಿಕೊಂಡಿದ್ದಾಳೆ. ಮೇಲೆ ನಿಂತು ಹಗ್ಗ ಕಾಯುವುದು ಭಾವನ ಕೆಲಸ.

ಆದರೆ ಎರಡು ತಿಂಗಳಿಂದ ಹಲ್ಲಿ ಗೋಡೆ ಹತ್ತಿಲ್ಲ. ನೆಲಮಹಡಿಯ ಗಾಜನ್ನು ಏಣಿಯ ಮೇಲೆ ನಿಂತು ಒರೆಸುತ್ತಿದ್ದಾಳೆ. ಇವತ್ತೂ ಇಳಿಯದಿದ್ದರೆ ಹಗ್ಗವನ್ನು ಬೇರೆಯವರಿಗೆ ಕೊಡುತ್ತೇನೆಂದು ಮೇಸ್ತ್ರಿ ಹೇಳಿಯಾಗಿದೆ. ಅವನದೂ ತಪ್ಪಲ್ಲ, ಮೇಲಿನ ಗಾಜು ಮಾಸಿ ಮಂಕಾಗಿದೆ.

ಇದೆಲ್ಲ ಶುರುವಾದದ್ದು ಒಂದು ಸಾಲಿನಿಂದ. "ಏನೂ ಆಗಲ್ಲ, ಇಳಿ." ಚಿಕ್ಕವಳಿದ್ದಾಗ ಕಡಿದಾದ ಮೆಟ್ಟಿಲ ಮೇಲೆ ನಿಂತು ಅಳುತ್ತಿದ್ದವಳ ಕೈಹಿಡಿದು ಅಮ್ಮ ಹೇಳುತ್ತಿದ್ದ ಮಾತು ಅದು. ಮೊದಲ ಸಲ ಹಗ್ಗಕ್ಕೆ ಜೋತುಬಿದ್ದ ದಿನ ಕೆಳಗೆ ನೋಡಿದಾಗ ಅದೇ ಬಾಯಿಗೆ ಬಂತು. ಹೇಳಿದಳು, ಇಳಿದಳು. ಅಂದಿನಿಂದ ಅದು ಆಕೆಯ ಮಂತ್ರ.

"ದೇವರ ಮಂತ್ರ ಅಲ್ಲ. ನಮ್ಮನೆ ಮಂತ್ರ," ಎನ್ನುತ್ತಾಳೆ. "ಹೇಳಿದ ತಕ್ಷಣ ಎದೆ ಒಳಗಿನ ಗದ್ದಲ ನಿಂತುಹೋಗೋದು, ಯಾರೋ ರೇಡಿಯೋ ಆರಿಸಿದ ಹಾಗೆ."

ಇಂಥ ಸಾಲುಗಳು ಗಾಜಿನ ಒಳಗಡೆಯೂ ಇವೆ ಎಂದು ಆಕೆಗೆ ಗೊತ್ತಾದದ್ದು ಒಂಬತ್ತನೇ ಮಹಡಿಯಲ್ಲಿ. ಖಾಲಿ ಕಚೇರಿಗೆ ಎಲ್ಲರಿಗಿಂತ ಮೊದಲು ಬರುವ ಒಬ್ಬ ಬೋಳುತಲೆಯವನು ಕಿಟಕಿಯಲ್ಲಿ ಕಾಣುವ ತನ್ನದೇ ಪ್ರತಿಬಿಂಬಕ್ಕೆ ಏನೋ ಹೇಳುತ್ತಿದ್ದ. ಎದೆ ಸೆಟೆಸಿ, ಬೆರಳೆತ್ತಿ, ಅದನ್ನೇ ಮತ್ತೆ ಮತ್ತೆ. ಅಷ್ಟರಲ್ಲಿ ಮೇಲಿನಿಂದ ಎರಡು ಬೂಟು, ಒಂದು ಬಕೆಟ್ಟು, ಆಮೇಲೆ ಈಕೆಯ ಮುಖ ಇಳಿದು ಬಂತು. ಪಾಪ, ಅವನು ಕುರ್ಚಿಗೆ ತಾಗಿ ಮುಗ್ಗರಿಸಿದ. "ಮುಂದುವರಿಸಿ ಸಾರ್ ಅಂತ ಕೈ ಮಾಡ್ದೆ. ಅವ್ರು ಪರದೆ ಎಳ್ಕೊಂಡ್ರು."

ಮಂತ್ರ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದೇ ಎಡವಟ್ಟಾಯಿತು. ಇಳಿಯುವವರಿಗೆ ಎರಡು ಹಗ್ಗ: ಒಂದು ಹೊರುವ ಹಗ್ಗ, ಇನ್ನೊಂದು ಕಾಯುವ ಹಗ್ಗ. ಮೊದಲನೆಯದಕ್ಕೆ ಏನಾದರೂ ಆದರೆ ಹಿಡಿಯುವುದು ಎರಡನೆಯದು. ಅದರ ಕೊಕ್ಕೆಯನ್ನು ಎದೆಪಟ್ಟಿಗೆ ಸಿಕ್ಕಿಸಿ, ಕೈಯಿಂದ ಎಳೆದು ನೋಡಿ, ಕೊನೆಗೆ ಆಕೆ ಮಂತ್ರ ಹೇಳುತ್ತಿದ್ದಳು. ಬರುಬರುತ್ತ ಭಾವ ಕೊಕ್ಕೆ ನೋಡುವುದನ್ನು ಬಿಟ್ಟು ಮಂತ್ರಕ್ಕೆ ಕಿವಿಗೊಡತೊಡಗಿದ.

"'ಏನೂ ಆಗಲ್ಲ' ಅಂದ್ಳು ಅಂದ್ರೆ ಕೊಕ್ಕೆ ಹಾಕಿ ಆಯ್ತು ಅಂತಾನೇ ನನ್ನ ಲೆಕ್ಕ," ಎನ್ನುತ್ತಾನೆ ಅವನು, ಹಗ್ಗದಿಂದ ಕಣ್ಣು ತೆಗೆಯದೆ.

ಎರಡು ತಿಂಗಳ ಹಿಂದೆ ಒಂದು ದಿನ ಭಾವ ಏನೋ ತಮಾಷೆ ಮಾಡಿದ. ಆಕೆ ನಕ್ಕಳು, ನಗುತ್ತಲೇ ಮಂತ್ರ ಹೇಳಿದಳು, ಇಳಿದಳು. ಎರಡು ಮಹಡಿ ಕೆಳಗೆ, ನೊರೆ ಎಳೆದು ತಿಳಿಯಾದ ಗಾಜಿನಲ್ಲಿ ತನ್ನನ್ನೇ ಕಂಡಳು. ಎದೆಪಟ್ಟಿ ಬರಿದಾಗಿತ್ತು. ಕಾಯುವ ಹಗ್ಗದ ಕೊಕ್ಕೆ ಪಕ್ಕದಲ್ಲಿ ಸುಮ್ಮನೆ ತೂಗಾಡುತ್ತಿತ್ತು.

ಏನೂ ಆಗಲಿಲ್ಲ. ಕೊಕ್ಕೆ ಸಿಕ್ಕಿಸಿಕೊಂಡಳು, ಕೆಲಸ ಮುಗಿಸಿದಳು, ನೆಲ ಮುಟ್ಟಿದ ಮೇಲೆ ಪಟ್ಟಿ ಬಿಚ್ಚದೆ ಅಲ್ಲೇ ಕೂತಳು. ಮರುದಿನದಿಂದ ಮಂತ್ರ ಹೇಳಿದರೆ ಸಾಕು, ಮೋಟುಗೋಡೆಯಿಂದ ಹಿಂದೆ ಸರಿಯುತ್ತಿದ್ದಳು.

ಮನೆಯಲ್ಲಿ ಯಾರಿಗೂ ಬಾಯಿಬಿಟ್ಟಿರಲಿಲ್ಲ. ಮೊನ್ನೆ ತಡೆಯಲಾರದೆ, ಬಟ್ಟೆ ಮಡಚುತ್ತಿದ್ದ ಅಮ್ಮನ ಮುಂದೆ ಸಿಡಿದಳು: "ನಿನ್ನ ಮಂತ್ರ ನನ್ನನ್ನ ಸಾಯಿಸ್ತಿತ್ತಮ್ಮಾ!"

ಅಮ್ಮ ಎಲ್ಲ ಕೇಳಿಸಿಕೊಂಡು, ಕೈಯಲ್ಲಿದ್ದ ದುಪ್ಪಟಿ ಕೆಳಗಿಟ್ಟಳು. "ಆ ಮೆಟ್ಟಿಲು ಕಂಡ್ರೆ ನಂಗೂ ಜೀವ ಹೋಗೋದು ಕಣೇ. ಅದನ್ನ ಹೇಳ್ಕೋತಿದ್ದಿದ್ದು ನಾನು, ನಂಗೆ. ಹೇಳ್ತಾ ಹೇಳ್ತಾ ಒಂದೊಂದು ಮೆಟ್ಟಿಲನ್ನೂ ಕಾಲಲ್ಲಿ ಮುಟ್ಟಿ ನೋಡ್ತಿದ್ದೆ. ನೀನು ಮಾತು ಮಾತ್ರ ತಗೊಂಡೆ, ಕಾಲು ಬಿಟ್ಟೆ."

"ಮೊದಲೇ ಹೇಳೋಕೇನಾಗಿತ್ತು?"

"ಭಯ ಪಡ್ತಿರೋ ತಾಯಿ ಕೈ ಯಾವ ಮಗು ಹಿಡ್ಕೊಳ್ಳುತ್ತೆ?"

ಹಾಗಾಗಿ ಇವತ್ತು ಆಕೆಯ ಬಳಿ ಹೊಸ ಸಾಲೊಂದಿದೆ. ಕೇಳಿದರೆ ನಾಚುತ್ತಾಳೆ. ಅದನ್ನು ಹೇಳುವುದು ತನಗಲ್ಲ, ಭಯಕ್ಕಂತೆ. "ಅದನ್ನ ಮನೇಲಿ ಬಿಟ್ಟು ಬರೋಕೆ ಹೋಗಿ ತಾನೇ ಕೆಟ್ಟಿದ್ದು? ಭಯ ಒಂಥರಾ ಅನುಮಾನದ ಅತ್ತೆ ಇದ್ದ ಹಾಗೆ. ಕಾಟ ಕೊಟ್ರೂ ಬಾಗಿಲು ಹಾಕಿದೆಯಾ ಅಂತ ಅವಳೇ ನೋಡೋದು."

ಬಕೆಟ್ಟು ಬಿಟ್ಟು ಏಳುತ್ತಾಳೆ. ಕೊಕ್ಕೆ ಸಿಕ್ಕಿಸಿ ಎಳೆಯುತ್ತಾಳೆ. ಭಾವ ಬಂದು ತಾನೂ ಎಳೆದು ನೋಡುತ್ತಾನೆ, ಈ ಸಲ ತಮಾಷೆಯಿಲ್ಲ. ಆಕೆ ಮೋಟುಗೋಡೆಯ ಮೇಲೆ ಕೂತು ಕಾಲು ಹೊರಗೆ ಚಾಚುತ್ತಾಳೆ. ಭಯವೂ ಪಕ್ಕದಲ್ಲೇ ಕೂತಿದೆ.

"ಬಾ, ನೋಡ್ಕೊಂಡು ಇಳಿಯೋಣ," ಎನ್ನುತ್ತಾಳೆ ಮೆಲ್ಲಗೆ. ಎನ್ನುತ್ತ ಕೊಕ್ಕೆಯನ್ನು ಮತ್ತೊಮ್ಮೆ ಮುಟ್ಟುತ್ತಾಳೆ. ಬೆರಳಿಗೆ ತಣ್ಣನೆಯ ಕಬ್ಬಿಣ ತಾಗುತ್ತದೆ. ಇಳಿಯುತ್ತಾಳೆ.

ಗಾಜಿನ ಮೇಲೆ ನೊರೆ, ನೊರೆಯ ಮೇಲೆ ರಬ್ಬರ್, ಅದರ ಹಿಂದೆಯೇ ಬೆಳಗು. ಪ್ರತಿ ಮಹಡಿಯಲ್ಲೂ ಒಮ್ಮೆ ಆ ಮಾತು, ಒಮ್ಮೆ ಆ ಕೈ. ಒಂಬತ್ತನೇ ಮಹಡಿಯಲ್ಲಿ ಬೋಳುತಲೆಯವನು ಕಿಟಕಿಯ ಬಳಿಯೇ ಇದ್ದಾನೆ. ಈ ಸಲ ಪರದೆ ಎಳೆಯುವುದಿಲ್ಲ. ಆಕೆಯ ತುಟಿ ಅಲ್ಲಾಡುವುದನ್ನೂ ಕೈ ಎದೆಗೆ ಹೋಗುವುದನ್ನೂ ಬಿಟ್ಟಕಣ್ಣು ಬಿಟ್ಟಹಾಗೆ ನೋಡುತ್ತಾನೆ. ಆಮೇಲೆ ತನ್ನ ಅಂಗಿಯ ಮೇಲಿನ ಗುಂಡಿಯನ್ನು ತಾನೂ ಮುಟ್ಟಿಕೊಂಡು, ಏನೋ ಹೇಳಿಕೊಳ್ಳುತ್ತಾನೆ.

ನೆಲ ಮುಟ್ಟಿದ ಮೇಲೆ ಆಕೆ ಹೆಲ್ಮೆಟ್ ತೆಗೆದು, ಕತ್ತೆತ್ತಿ ಇಡೀ ಗಾಜನ್ನು ಒಮ್ಮೆ ನೋಡುತ್ತಾಳೆ. ಮುಂದೇನು ಆಸೆ ಎಂದರೆ ದೊಡ್ಡದೇನಿಲ್ಲ.

"ಅಮ್ಮನ್ನ ಒಂದಿನ ಕರ್ಕೊಂಡು ಬರ್ಬೇಕು. ಒಳಗಡೆ ಕಿಟಕಿ ಹತ್ರ ನಿಲ್ಲಿಸ್ಬೇಕು. ನಾನು ಮೇಲಿಂದ ಇಳಿದು ಬರುವಾಗ ಅವ್ಳು ಮೊದಲು ನನ್ನ ಮುಖ ನೋಡಲ್ಲ, ನಂಗೊತ್ತು. ಕೊಕ್ಕೆ ನೋಡ್ತಾಳೆ. ನೋಡ್ಲಿ. ಹಾಕಿರುತ್ತೆ."