ಕಾಕಾ ಮುಚ್ಚಿಟ್ಟ ನೀರು

ನಮ್ಮ ಪ್ರಯೋಗಾಲಯದ ಕಾಕಾರ ಹತ್ತೂ ಉಗುರುಗಳ ಅಂಚಿನಲ್ಲಿ ನೀಲಿ ಗೆರೆ ಇರುತ್ತಿತ್ತು. ರವಿವಾರ ವಡಗಾವಿಯ ಮನೆಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವುದು, ಉಳಿದ ದಿನ ಬೆಳಗಾವಿಯ ನಮ್ಮ ಕಾಲೇಜಿನಲ್ಲಿ ಗಾಜಿನ ಸಾಮಾನು ತೊಳೆಯುವುದು ಅವರ ಕೆಲಸ. ಚಹಾದ ಲೋಟವನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವ ಸಂಶಯದ ಮನುಷ್ಯ. ನಾನೇನು ಕಡಿಮೆಯೇ?

ಎರಡು ಸಾವಿರದ ಇಸವಿಯ ಆಸುಪಾಸು. ರೋಗಾಣುವಿಗಿಂತ ಸಣ್ಣ ಪ್ಲಾಸ್ಟಿಕ್ ಕಣಗಳಲ್ಲಿ ಹೊಳೆಯುವ ಬಣ್ಣ ತುಂಬುವುದು ನನ್ನ ಸಂಶೋಧನೆ. ರಕ್ತದಲ್ಲಿ ಜ್ವರದ ರೋಗಾಣು ಇದ್ದರೆ ಕಣ ಅದಕ್ಕೆ ಅಂಟಿ, ನೇರಳೆ ದೀಪದಡಿ ಹೊಳೆಯಬೇಕು. ಮೊದಲ ಪರೀಕ್ಷೆ ನನ್ನೂರು ಖಾನಾಪುರದ ದವಾಖಾನೆಯಲ್ಲಿ.

ಯಂತ್ರದಲ್ಲಿ ಗರಗರ ತಿರುಗಿಸಿದರೆ ಕಣ ತಳಕ್ಕೆ ಕೂರುತ್ತದೆ. ಕಣದೊಳಗೆ ಸೇರದ ಬಣ್ಣವನ್ನು ಮೇಲಿನ ನೀರಿನೊಂದಿಗೆ ಚೆಲ್ಲಬೇಕು. ಹೀಗೆ ತೊಳೆದ ಮೂರನೆಯ ಸಲಕ್ಕೆ ನೀರು ತಿಳಿಯಾಗಿ ಕಾಣುತ್ತಿತ್ತು. ಸಾಕೆಂದುಕೊಂಡು ಚೆಲ್ಲಲು ಕಾಕಾರ ಕೈಗೆ ಕೊಡುತ್ತಿದ್ದೆ. ಅವರು ಅದನ್ನು ಚೆಲ್ಲದೆ ತಮ್ಮ ಕಪಾಟಿನಲ್ಲಿಡುವುದನ್ನು ಎರಡು ಸಲ ಕಂಡೆ. ಇನ್ನೊಂದು ಕಾಲೇಜಿನವರೂ ಇದೇ ಕೆಲಸದಲ್ಲಿದ್ದರು. ಇವರೇ ನಮ್ಮ ಬಣ್ಣವನ್ನು ಅಲ್ಲಿಗೆ ಸಾಗಿಸುತ್ತಿದ್ದಾರೆಂದು ಖಾತ್ರಿಯಾಯಿತು.

ಖಾನಾಪುರಕ್ಕೆ ಕಣಗಳ ಬಾಟಲಿ ಹೊರಡುವ ಹಿಂದಿನ ದಿನ, ಎಲ್ಲರ ಮುಂದೆ, "ಕಾಕಾ, ಕಪಾಟ ತಗೀರಿ" ಎಂದೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುತ್ತಾರೇನೋ ಎಂದು ಕಾದೆ. ಅವರು ಸುಮ್ಮನೆ ಬೀಗ ತೆಗೆದರು. ಒಳಗೆ ಸಾಲಾಗಿ ಸಣ್ಣ ಶೀಶೆಗಳು, ಒಂದೊಂದಕ್ಕೂ ತಾರೀಖಿನ ಚೀಟಿ. ಒಂದನ್ನು ಒಯ್ದು ನೇರಳೆ ದೀಪದಡಿ ಹಿಡಿದರು. ತಿಳಿನೀರು ಹಚ್ಚಗೆ ಹೊಳೆಯಿತು.

"ಹಗಲಬೆಳಕ ಸುಳ್ಳ ಹೇಳತೈತ್ರಿ ಮೇಡಮ್ರ. ಬಣ್ಣ ಇನ್ನೂ ಬಿಡಾಕತ್ತೈತಿ. ನೂಲ ಆದ್ರೂ ಅಷ್ಟ, ಕಡೀ ನೀರ ನೋಡದ ಒಣಗ ಹಾಕಬಾರದು."

"ಮೊದಲ ಯಾಕ ಹೇಳಲಿಲ್ರಿ?"

"ಬರೇ ಸಂಶಯ ಇದ್ದಾಗ ನಾಕ ಮಂದಿ ಮುಂದ ಬಾಯಿ ತಗೀಬಾರದ್ರಿ. ಖರೇ ಏನಂತ ತಿಳೀಲಿ ಅಂತ ತಡದೆ."

ಆ ಬಾಟಲಿ ಹೋಗಿದ್ದರೆ, ಬಿಟ್ಟ ಬಣ್ಣವೇ ಎಲ್ಲೆಡೆ ಅಂಟಿ, ಗಟ್ಟಿಮುಟ್ಟಾಗಿದ್ದ ನನ್ನ ಓಣಿಯವರಿಗೂ ರೋಗವಿದೆಯೆಂದು ತೋರಿಸುತ್ತಿತ್ತು. ಮರುದಿನದಿಂದ ಇಬ್ಬರೂ ಕೂಡಿ, ದೀಪದಡಿ ಹಿಡಿದರೂ ನೀರು ಹೊಳೆಯದೆ ಕಪ್ಪಗೆ ಕಾಣುವವರೆಗೆ ತೊಳೆದೆವು. ಕ್ಷಮಿಸಿರಿ ಎನ್ನಬೇಕೆಂದು ದಿನವೂ ಅಂದುಕೊಂಡೆ. ಅನ್ನಲಿಲ್ಲ.

ಅವರು ತೀರಿಕೊಂಡಾಗ ವಡಗಾವಿಗೆ ಹೋದೆ. ಹೆಸರು ಹೇಳುತ್ತಲೇ ಅವರ ಹೆಂಡತಿ ಕಾಕೂ ನನ್ನ ಕೈ ಹಿಡಿದುಕೊಂಡರು.

"ಕಪಾಟ ತಗಿಸಿದಾಕಿ ನೀನಽ ಏನವಾ? ಅವತ್ತ ಮನೀಗಿ ಬಂದು ನಕ್ಕೋತ ಹೇಳಿದ್ರು, 'ಹುಡುಗಿ ಸಂಶಯ ಪಡೂದು ಕಲತಾಳ. ಇನ್ನ ನೀರಿನ ಮ್ಯಾಲ ಪಡೂದಷ್ಟ ಕಲೀಬೇಕು' ಅಂತ."