ಒಂದೇ ಕೋಟು ಬಿಳಿ

ಅಕ್ಕ ಕೊಟ್ಟ ಕಬ್ಬಿಣದ ತಟ್ಟೆಗೆ ಮೂರು ಕೋಟು ಬಿಳಿ ಬಣ್ಣ ಹೊಡೆಯಬೇಕಿತ್ತು. ಒಂದೇ ಹೊಡೆದೆ. ಅದನ್ನು ಅವಳಿಗೆ ಹೇಳಲಿಲ್ಲ. ಆ ತಟ್ಟೆಯನ್ನು ಹಗ್ಗ ಕಟ್ಟಿ ಸಮುದ್ರಕ್ಕೆ ಇಳಿಸಿ ಎತ್ತಿ ಎತ್ತಿ, ಅವಳ ಬಲ ಅಂಗೈಯಲ್ಲಿ ಹಗ್ಗದ ಗುರುತು ಅಡ್ಡಗೆರೆಯಾಗಿ ಉಳಿದುಬಿಟ್ಟಿತ್ತು. ಅನ್ನ ಕಲಸುವಾಗ ಕೆಂಪಗೆ ಕಾಣುತ್ತಿತ್ತು.

ಅಕ್ಕ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಮನೆ ಮಾಡಿಕೊಂಡು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನು. ತಿಂಗಳಿಗೊಮ್ಮೆ ಅವಳು ಬಸ್ಸಿನಲ್ಲಿ ಘಟ್ಟ ಇಳಿದು ಹೊನ್ನಾವರಕ್ಕೆ ಹೋಗುತ್ತಿದ್ದಳು. ದೋಣಿಯ ನೆರಳು ಬೀಳುವ ಕಡೆ ತಟ್ಟೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ನೋಡುತ್ತಿದ್ದಳು. ಯಾವ ಕಾಲದಲ್ಲಿ ದಡದ ನೀರು ಎಷ್ಟು ಬೆಳಕು ನುಂಗುತ್ತದೆ, ಎಷ್ಟು ವಾಪಸ್ ಕೊಡುತ್ತದೆ ಎಂಬುದು ಅವಳ ಅಧ್ಯಯನ. ದೋಣಿಯಲ್ಲಿ ಯಾರಾದರೂ ಕಪ್ಪು ಕನ್ನಡಕ ಹಾಕಿದರೆ, "ಸಿನಿಮಾ ಶೂಟಿಂಗಾ? ತೆಗೀರಿ, ನೀರನ್ನ ಬರಿಗಣ್ಣಲ್ಲಿ ನೋಡಿ" ಎಂದು ಗದರುತ್ತಿದ್ದಳು.

ನಾನು ಓದಿಲ್ಲವೆಂದು ಯಾವುದನ್ನೂ ಮೊಟಕು ಮಾಡಿ ಹೇಳಿದವಳಲ್ಲ. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ಥಿನ್ನರ್ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಶುರು ಮಾಡುತ್ತಿದ್ದಳು.

"ಮಳೆಗಾಲದಲ್ಲಿ ಹೊಳೆ ಮಣ್ಣು ತಂದು ಸುರಿಯುತ್ತೆ. ಬೆಳಕು ಆ ಮಣ್ಣಿಗೆ ತಾಗಿ ಮೇಲೇ ಚದುರುತ್ತೆ, ಒಳಗೆ ಇಳಿಯಲ್ಲ. ಆಮೇಲೆ ಕಣ್ಣಿಗೆ ಕಾಣದಂಥ ಪಾಚಿ ಬೆಳೆಯುತ್ತೆ. ಅದು ನೀಲಿ ನುಂಗಿ ಹಸಿರು ಬಿಡುತ್ತೆ. ಚಳಿಗಾಲದಲ್ಲಿ ನೀರು ತಿಳಿಯಾಗಿ ತಟ್ಟೆ ಆಳದವರೆಗೂ ಕಾಣುತ್ತೆ."

"ಅಂದ್ರೆ ಸಮುದ್ರಕ್ಕೂ ವರ್ಷವರ್ಷ ಪೇಂಟಿಂಗ್ ಕೆಲ್ಸ."

"ಹೂಂ ಮಾರಾಯ. ಆದ್ರೆ ಅದು ನಿನ್ನ ಹಾಗೆ ನಾಳೆ ಬಾ ಅನ್ನಲ್ಲ."

ಗಣಪತಿ ಹಬ್ಬದ ಹೊತ್ತಿಗೆ ತಟ್ಟೆಗೆ ಹೊಸ ಬಣ್ಣ ಬೇಕೆಂದು ತಂದಳು. ನನಗೆ ಒಂದು ವ್ಯಾನಿನ ಕೆಲಸ ಅವಸರದಲ್ಲಿತ್ತು. ಬೂದು ಪ್ರೈಮರ್ ಮೇಲೆ ತೆಳುವಾಗಿ ಒಂದು ಕೋಟು ಎಳೆದು ಕೊಟ್ಟೆ. ನೀರಲ್ಲಿ ಮುಳುಗುವ ವಸ್ತುವನ್ನು ಯಾರು ನೋಡುತ್ತಾರೆ ಅಂದುಕೊಂಡೆ. ನೋಡುವುದಕ್ಕೆಂದೇ ಅದನ್ನು ಮುಳುಗಿಸುತ್ತಾರೆ ಎಂದು ಗೊತ್ತಿದ್ದವನು ನಾನು.

ಉಪ್ಪುನೀರಿಗೆ ಬಿಳಿ ಸವೆದು ಬೂದು ಮೇಲೆ ಬಂತು. ಮಾಸಿದ ತಟ್ಟೆ ಬೇಗ ಕಣ್ಮರೆಯಾಗುತ್ತದೆ. ನಿಧಾನವಾಗಿ ಮಾಸಿದ್ದರಿಂದ ಅಕ್ಕನಿಗೆ ತಿಳಿಯಲಿಲ್ಲ. ತಮ್ಮ ಹೊಡೆದ ಬಣ್ಣವಾದ್ದರಿಂದ ಅನುಮಾನವೂ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕೂತಳು. "ಮೀನು ಹಿಡಿಯೋರೆಲ್ಲ ನೀರು ತಿಳಿಯಾಗಿದೆ ಅಂತಾರೆ. ನಂಗೊಬ್ಬಳಿಗೇ ತಟ್ಟೆ ಬೇಗ ಮಾಯ ಆಗ್ತಿದೆ. ಕಣ್ಣು ಹೋಯ್ತು ಅನ್ಸುತ್ತೆ ಕಣೋ."

ನನಗೆ ಆ ಕ್ಷಣವೇ ಅರ್ಥವಾಯಿತು. ಅವಳೇ ಕಲಿಸಿದ್ದರಿಂದ ಅರ್ಥವಾಯಿತು. ಆದರೂ, "ತೋರಿಸ್ಕೊಂಡು ಬರೋಣ ಬಾ" ಎಂದು ಸ್ಕೂಟರಿನಲ್ಲಿ ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಲೈಟು ಬಿಟ್ಟು, ಅಕ್ಷರ ಓದಿಸಿ, ಕಣ್ಣಿಗೆ ಏನೂ ಆಗಿಲ್ಲ ಎಂದರು.

ಅಕ್ಕನಿಗೆ ಸಮಾಧಾನವಾಗಲಿಲ್ಲ. ಹಿಂದೆ ಕೂತವಳು ದಾರಿಯಲ್ಲಿ ಹೇಳಿದಳು: "ದೋಷ ಇದೆ ಅಂದಿದ್ರೆ ಕನ್ನಡಕ ಹಾಕ್ಬಹುದಿತ್ತು. ಈಗ ನನ್ನ ಮೇಲೇ ನಂಗೆ ನಂಬಿಕೆ ಇಲ್ಲ. ಇನ್ನು ದೋಣಿ ಹತ್ತಲ್ಲ, ಈ ಕೆಲ್ಸ ಬಿಟ್ಟುಬಿಡ್ತೀನಿ."

ಸ್ಕೂಟರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದೆ. ಹೆಲ್ಮೆಟ್ಟಿನೊಳಗೇ ಏನೋ ಹೇಳಿದೆ.

"ಏನ್ ಗೊಣಗ್ತೀಯೋ? ಅದನ್ನ ತೆಗ್ದು ಮಾತಾಡು."

ತೆಗೆದೆ. ಅವಳ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದೆ.

"ಅಕ್ಕ, ನಿನ್ನ ಕಣ್ಣು ಸರಿ ಇದೆ. ತಟ್ಟೆಗೆ ನಾನು ಮೂರು ಕೋಟು ಹೊಡೀಲಿಲ್ಲ, ಒಂದೇ ಹೊಡ್ದೆ. ಗೊತ್ತಿದ್ದೂ ನಿನ್ನನ್ನ ಡಾಕ್ಟರ ಹತ್ರ ಕೂರಿಸ್ದೆ. ತಪ್ಪಾಯ್ತು, ನನ್ನ ಕ್ಷಮಿಸು."